ಪೂರ್ವಕ್ಕೆ ಮುಖ ಮಾಡಿದ ರೋಬೋ

ಈಗಲೂ ಯಾರಾದರೂ ನಿಮ್ಮ ಸ್ಕೂಲಲ್ಲಿ ರೋಬೋ ಮಾಡಿಸ್ತೀರಂತಲ್ಲ, ಏನಾಯ್ತು ಎಂದು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೇಳುವವರದೇನೂ ತಪ್ಪಿಲ್ಲ. ಮದುವೆ ಮನೆಯಲ್ಲೋ ಬಸ್ಸಿನಲ್ಲೋ ಪಕ್ಕದಲ್ಲಿ ಕೂತವರಿಗೆ ಮಾತಿಗೊಂದು ವಿಷಯ ಬೇಕು, ಕೇಳುತ್ತಾರೆ. ಓಡ್ತಾ ಇದೆ, ಚೆನ್ನಾಗಿದೆ ಎಂದು ಹೇಳಿ ಮಾತು ಬದಲಾಯಿಸುತ್ತೇನೆ. ಓಡುತ್ತಿರುವುದು ಸುಳ್ಳಲ್ಲ. ಗಾಲಿಯದು ಓಡುತ್ತಿದೆ. ನಡೆಯಬೇಕಾಗಿದ್ದದ್ದರ ಕತೆ ಬೇರೆ.

ನಾನು ಗುಬ್ಬಿಯ ಒಂದು ಅನುದಾನಿತ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ತವರು ಕುಣಿಗಲ್ ಕಡೆ, ಸಂಸಾರ ತುಮಕೂರಿನ ಮರಳೂರಿನಲ್ಲಿ, ಸಂಬಳ ಗುಬ್ಬಿಯಲ್ಲಿ. ದಿನಾ ಬೆಳಗ್ಗೆ ಡಬ್ಬಿ ಕಟ್ಟಿಕೊಂಡು ಬಸ್ಸು ಹಿಡಿಯಬೇಕು. ಸೀಟು ಸಿಕ್ಕರೆ ಆ ದಿನ ಮಕ್ಕಳಿಗೆ ಬೈಗುಳ ಸ್ವಲ್ಪ ಕಡಿಮೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳುತ್ತಾರೆ. ಇರಬಹುದು. ಆದರೆ ಈ ರೋಬೋ ವಿಷಯದಲ್ಲಿ ನನಗೆ ಬಂದ ಸಿಟ್ಟಿಗೆ ಕಾರಣವಿತ್ತು.

ಯಾವುದೋ ಕಂಪನಿಯವರು ಒಂದು ದೊಡ್ಡ ಪೆಟ್ಟಿಗೆ ಕೊಟ್ಟರು. ಅದರ ತುಂಬ ಮೋಟಾರು, ವೈರು, ಗಾಲಿ, ಸ್ಕ್ರೂ, ಬ್ಯಾಟರಿ. ಮಕ್ಕಳೇ ಜೋಡಿಸಿ ರೋಬೋ ಮಾಡಬೇಕು, ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಏನು ಮಾಡಬೇಕೆಂದು ಬರೆದುಕೊಡಬೇಕು. ಪೆಟ್ಟಿಗೆ ಬಂದ ದಿನ ಟೇಪು ಕತ್ತರಿಸಿದರು, ಫೋಟೋ ತೆಗೆಸಿಕೊಂಡರು, ಆಮೇಲೆ ನಮ್ಮ ಹೆಡ್ ಮಾಸ್ಟರು ಅದನ್ನು ತಮ್ಮ ಬೀರುವಿನೊಳಗಿಟ್ಟು ಬೀಗ ಹಾಕಿದರು. ಮಕ್ಕಳ ಕೈಗೆ ಕೊಟ್ಟರೆ ಮುರಿಯುತ್ತಾರಂತೆ. ಮುರಿಯದೆ ಇರಲಿ ಎಂದು ಪೂಜೆ ಮಾಡೋಣವಾ ಸಾರ್ ಎಂದು ಕೇಳಿದೆ. ಕೋಪ ಮಾಡ್ಕೋಬೇಡಿ ಮೇಡಂ, ಕೊಡೋಣ ಕೊಡೋಣ ಎಂದರು. ಹಾಗೆ ಕೊಡೋಣ ಕೊಡೋಣ ಎನ್ನುತ್ತಲೇ ಜೂನ್ ಹೋಯಿತು, ಜುಲೈ ಹೋಯಿತು. ಕೊನೆಗೆ ಪೆಟ್ಟಿಗೆ ಹೊರಗೆ ಬಂದಾಗ ಜೊತೆಗೆ ಷರತ್ತುಗಳೂ ಬಂದವು. ಒಂದು ಸ್ಕ್ರೂ ಕೂಡ ಸ್ಕೂಲಿನ ಗೇಟು ದಾಟಬಾರದು. ಹತ್ತನೇ ಕ್ಲಾಸಿನ ಮಕ್ಕಳು ಇದರ ಹತ್ತಿರ ಸುಳಿಯಬಾರದು.

ಎರಡನೆಯ ಷರತ್ತು ಹೊಸದೇನಲ್ಲ. ನಮ್ಮಲ್ಲಿ ಹತ್ತನೇ ಕ್ಲಾಸಿಗೆ ಕಾಲಿಟ್ಟ ಮಗುವಿಗೆ ಆಟ, ನಾಟಕ, ಲ್ಯಾಬು, ಟೂರು ಎಲ್ಲಕ್ಕೂ ಎಳ್ಳುನೀರು. ಬೆಳಗ್ಗೆ ಸ್ಪೆಷಲ್ ಕ್ಲಾಸು, ಸಂಜೆ ಸ್ಪೆಷಲ್ ಕ್ಲಾಸು, ಭಾನುವಾರ ಟೆಸ್ಟು. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಿಟ್ಟರೆ ಹೆಡ್ ಮಾಸ್ಟರಿಗೆ ಬೇರೆ ಪ್ರಪಂಚವಿಲ್ಲ. ಆ ಮನುಷ್ಯ ಕೆಟ್ಟವರಲ್ಲ, ಕನ್ನಡ ಪಾಠ ಮಾಡಿದರೆ ಕಿಟಕಿಯಲ್ಲಿ ನಿಂತು ನಾನೂ ಕೇಳಿದ್ದೇನೆ. ಆದರೆ ಕುರ್ಚಿಯಲ್ಲಿ ಕೂತರೆಂದರೆ ಬೇರೆಯೇ ಆಗಿಬಿಡುತ್ತಾರೆ.

ಮೊದಲು ಒಂಬತ್ತನೇ ಕ್ಲಾಸಿನ ಹುಡುಗರು ಗಾಲಿ ಬಂಡಿ ಮಾಡಿದರು. ನಾಲ್ಕು ಗಾಲಿ, ಮೇಲೊಂದು ಹಲಗೆ. ವಾರದೊಳಗೆ ವರಾಂಡದ ಈ ತುದಿಯಿಂದ ಆ ತುದಿಗೆ ಬರ್ರನೆ ಓಡಿಸಿದರು. ಇಡೀ ಸ್ಕೂಲು ಚಪ್ಪಾಳೆ ಹೊಡೆಯಿತು. ಹೆಡ್ ಮಾಸ್ಟರಿಗೆ ಅದನ್ನು ನೋಡಿ ಒಂದು ಆಸೆ ಹುಟ್ಟಿತು. ಬಂಡಿಗೊಂದು ಕೈ ಇರಬೇಕು, ಆ ಕೈ ಗುಲಾಬಿ ಹೂ ಹಿಡಿದುಕೊಂಡು ಹೋಗಿ ಮುಖ್ಯ ಅತಿಥಿಗಳಿಗೆ ಕೊಡಬೇಕು. ನಮ್ಮಲ್ಲಿ ಏನೇ ಕಂಡುಹಿಡಿದರೂ ಅದು ಕೊನೆಗೆ ಹೋಗಿ ಮುಟ್ಟುವುದು ಮುಖ್ಯ ಅತಿಥಿಗಳ ಪಾದವನ್ನೇ. ಮಾರನೆಯ ದಿನ ಕ್ಲಾಸಿನಲ್ಲಿ ಹಲ್ಲು ಕಚ್ಚಿಕೊಂಡೇ ಅದನ್ನು ಮಕ್ಕಳಿಗೆ ಹೇಳಿದೆ.

ಆಗ ಒಬ್ಬ ಹುಡುಗಿ ಎದ್ದು ನಿಂತಳು. ಅದೇ ಒಂಬತ್ತನೇ ಕ್ಲಾಸಿನವಳು, ಗುಬ್ಬಿಯ ಆಚೆಯ ಹಳ್ಳಿಯಿಂದ ಬರುತ್ತಿದ್ದಳು. ಮನೆಯಲ್ಲಿ ತೆಂಗಿನ ತೋಟವಿದೆ, ಸ್ವಲ್ಪ ರಾಗಿ ಹೊಲವಿದೆ, ಅಪ್ಪ ತುಮಕೂರಿನ ಫ್ಯಾಕ್ಟರಿಗೆ ಶಿಫ್ಟಿಗೆ ಹೋಗುತ್ತಾರೆ. ಕ್ಲಾಸಿನಲ್ಲಿ ಕೈ ಎತ್ತುವವಳಲ್ಲ, ಕೇಳಿದರೆ ಮಾತ್ರ ಉತ್ತರ. ಅವಳು ಬಂಡಿಯನ್ನು ಎತ್ತಿಕೊಂಡು ಹೋಗಿ ಅಂಗಳದ ಮಣ್ಣಿನಲ್ಲಿ ಬಿಟ್ಟಿದ್ದಳಂತೆ. ಅದು ಒಂದು ಕಲ್ಲಿಗೆ ಸಿಕ್ಕಿ ಗಾಲಿ ಸುತ್ತಿಸಿಕೊಂಡು ಅಲ್ಲೇ ನಿಂತಿತಂತೆ.

"ನಮ್ ತೋಟದಾಗೆ ಇದು ಒಂದ್ ಪಾತಿನೂ ದಾಟಲ್ಲ ಮಿಸ್," ಅಂದಳು. "ಗಾಲಿ ಹೋಗ್ದೇ ಇರೋ ಕಡೆ ಕಾಲು ಹೋಗ್ತದೆ. ನಾನು ಕಾಲಿಂದು ಮಾಡ್ತೀನಿ."

ನನಗೆ ಆ ಮಾತು ಕೇಳಿ ಎಷ್ಟು ಖುಷಿಯಾಯಿತೆಂದರೆ, ಪಾಠ ಅಲ್ಲಿಗೇ ನಿಲ್ಲಿಸಿ ಹೆಡ್ ಮಾಸ್ಟರ ರೂಮಿಗೆ ಹೋದೆ. ತೊಡಕು ಏನೆಂದರೆ, ಬಂಡಿಯ ಕೈಗೆ ಬೇಕಾದ ಮೋಟಾರುಗಳೂ ಕಾಲಿಗೆ ಬೇಕಾದ ಮೋಟಾರುಗಳೂ ಒಂದೇ, ಪೆಟ್ಟಿಗೆಯಲ್ಲಿದ್ದದ್ದು ಒಂದಕ್ಕೆ ಸಾಕಾಗುವಷ್ಟು. ಬಹಳ ಹೊತ್ತು ವಾದ ಮಾಡಿದೆ. ಕೊನೆಗೆ ಒಪ್ಪಿದರು, ಆದರೆ ಗಡುವು ಹಾಕಿದರು. ಜನವರಿಯಲ್ಲಿ ತುಮಕೂರಿನಲ್ಲಿ ಶಾಲೆಗಳ ರೋಬೋ ಸ್ಪರ್ಧೆ ಇತ್ತು. ಅಲ್ಲಿ ಇದು ನಡೆದರೆ ಮೋಟಾರು ಅವಳದು. ನಡೆಯದಿದ್ದರೆ ಬಿಚ್ಚಿ ಹುಡುಗರಿಗೆ ಕೊಡಬೇಕು. ಅವಳು ಒಂಬತ್ತನೇ ಕ್ಲಾಸು. ಮುಂದಿನ ವರ್ಷ ಹೇಗೂ ಹತ್ತಿರ ಸೇರಿಸುವುದಿಲ್ಲ. ಈ ವರ್ಷ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ.

ಅವಳು ತೆಳು ಪ್ಲೈವುಡ್ಡಿನಲ್ಲಿ ಕಾಲು ಕೊಯ್ದಳು. ಹಳೇ ಹವಾಯಿ ಚಪ್ಪಲಿ ಕತ್ತರಿಸಿ ಪಾದ ಮಾಡಿದಳು, ಜಾರಬಾರದು ಎಂದು. ಸೊಂಟದಲ್ಲಿ, ಮಂಡಿಯಲ್ಲಿ, ಹಿಮ್ಮಡಿಯಲ್ಲಿ ಮೋಟಾರು ಕೂರಿಸಿದಳು. ನಿಲ್ಲಿಸಿದರೆ ಒಂದು ಮೊಳ ಎತ್ತರ ಇತ್ತು. ತಲೆ ಇರಲಿಲ್ಲ, ಕೈ ಇರಲಿಲ್ಲ, ಬರೀ ಸೊಂಟ ಮತ್ತು ಎರಡು ಕಾಲು. ನೋಡಿದವರೆಲ್ಲ ಇದೇನು ಮೇಡಂ ಅರ್ಧಂಬರ್ಧ ಎನ್ನುತ್ತಿದ್ದರು. ಅವರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿತು.

ಆಮೇಲೆ ಶುರುವಾಯಿತು ಬೀಳುವ ಕಾಲ. ಗಾಲಿಯವರಿಗೆ ಈ ಕಷ್ಟವಿಲ್ಲ, ನಾಲ್ಕು ಕಡೆ ಆಸರೆ ಇರುತ್ತದೆ. ಎರಡು ಕಾಲಿನದು ಒಂದು ಕಾಲು ಎತ್ತಿತು ಎಂದರೆ ಮುಗಿಯಿತು, ಎಲ್ಲಾ ಭಾರ ಇನ್ನೊಂದರ ಮೇಲೆ. ಪಕ್ಕಕ್ಕೆ ಬಿತ್ತು, ಮುಗ್ಗರಿಸಿತು, ಅಂಗಾತ ಮಲಗಿತು. ಎತ್ತಿ ನಿಲ್ಲಿಸಿ ಲ್ಯಾಪ್‌ಟಾಪಿನಲ್ಲಿ ಹಿಮ್ಮಡಿಯ ಕೋನ ಒಂದು ಚೂರು ಬದಲಾಯಿಸಿ ಮತ್ತೆ ಬಿಡುವುದು, ಮತ್ತೆ ಬೀಳುವುದು. ಕ್ಲಾಸ್ ರೂಮುಗಳ ನೆಲ ಗುಂಡಿ ಬಿದ್ದಿತ್ತು, ನುಣುಪಾಗಿದ್ದದ್ದು ಉದ್ದನೆಯ ವರಾಂಡ ಒಂದೇ. ಆದ್ದರಿಂದ ಅಲ್ಲೇ ಅಡ್ಡಡ್ಡ, ಓರೆ ಓರೆ, ಜಾಗ ಸಿಕ್ಕ ಕಡೆ ಬಿಡುತ್ತಿದ್ದಳು. ಒಂದು ದಿನ ಡ್ರಿಲ್ ಮೇಷ್ಟ್ರು ಮಕ್ಕಳನ್ನು ಸಾಲು ನಿಲ್ಲಿಸುವುದಕ್ಕೆ ಜಾಗ ಬಿಡಿ ಎಂದರೆ, ಇನ್ನೊಂದು ದಿನ ಕರೆಂಟು ಹೋಗಿ ಬ್ಯಾಟರಿ ಚಾರ್ಜ್ ಆಗಲಿಲ್ಲ. ನನ್ನನ್ನು ಮತದಾರರ ಪಟ್ಟಿ ಕೆಲಸಕ್ಕೆ ಕಳಿಸಿದರು. ಬಿಸಿಲಲ್ಲಿ ಮನೆ ಮನೆ ತಿರುಗುತ್ತ ನಾನು ಮನಸ್ಸಿನಲ್ಲಿ ಯಾರ್ಯಾರಿಗೆ ಬೈದೆ ಎಂದು ಇಲ್ಲಿ ಬರೆಯಲಾರೆ. ವಾಪಸ್ಸು ಬಂದು ನೋಡಿದರೆ ಅದು ಇನ್ನೂ ಬೀಳುತ್ತಲೇ ಇತ್ತು.

ಅವಳು ಮಾತ್ರ ರೇಗುತ್ತಿರಲಿಲ್ಲ. ಅದೇ ನನಗೆ ಇನ್ನಷ್ಟು ರೇಗಿಸುತ್ತಿತ್ತು. ಒಂದು ಸಂಜೆ ತಡೆಯಲಾರದೆ, ನಿಂಗೆ ಬೇಜಾರೇ ಆಗಲ್ವೇನೇ ಎಂದು ಕೇಳಿಯೇಬಿಟ್ಟೆ. ಆಗ್ತದೆ ಮಿಸ್ ಎಂದು ಹೇಳಿ ಸ್ಕ್ರೂ ಬಿಗಿ ಮಾಡುವುದನ್ನು ಮುಂದುವರಿಸಿದಳು.

ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಹೆಡ್ ಮಾಸ್ಟರು ತಾವೇ ಎದ್ದು ಬಂದರು. ಗಡುವು ಹತ್ತಿರ ಬರ್ತಾ ಇದೆ, ಏನು ಸಮಾಚಾರ ಎಂದು ನೋಡುವುದಕ್ಕೆ. ಅವರ ಎದುರಿಗೂ ಅದು ಪಕ್ಕಕ್ಕೆ ಬಿತ್ತು. ಅವರು ಸ್ವಲ್ಪ ಹೊತ್ತು ಗದ್ದ ಕೆರೆದುಕೊಂಡು ನಿಂತು, ಇದನ್ನ ಯಾವ ದಿಕ್ಕಿಗೆ ನಿಲ್ಲಿಸಿದ್ದೀಯಮ್ಮ ಎಂದು ಕೇಳಿದರು. ದಿಕ್ಕನ್ನು ಯಾರು ನೋಡಿದ್ದರು? ಅವಳು ದಕ್ಷಿಣಕ್ಕೆ ನಿಲ್ಲಿಸಿದ್ದಳು. ಅಯ್ಯೋ, ಅದಕ್ಕೇ ಮತ್ತೆ ಎಂದರು. ವರಾಂಡದ ಪಶ್ಚಿಮದ ತುದಿಯಲ್ಲಿ ಸರಸ್ವತಿ ಫೋಟೋ ಇದೆ. ಅದರ ಕೆಳಗೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸು, ಏನೇ ಶುರು ಮಾಡಿದರೂ ಪೂರ್ವಕ್ಕೆ ಮುಖ ಮಾಡಿ ಶುರು ಮಾಡಬೇಕು ಎಂದರು. ನಾನು ನಗು ತಡೆದುಕೊಂಡೆ. ಅವಳು ಹೇಳಿದ ಹಾಗೆ ನಿಲ್ಲಿಸಿದಳು.

ಅದು ನಡೆಯಿತು.

ನಾಲ್ಕು ಹೆಜ್ಜೆ ಹಾಕಿ ಬಿತ್ತು, ಆದರೆ ನಡೆಯಿತು. ಅವತ್ತಿನವರೆಗೆ ಎರಡನೆಯ ಹೆಜ್ಜೆ ನೋಡಿರಲಿಲ್ಲ ನಾವು. ಹೆಡ್ ಮಾಸ್ಟರು ನನ್ನ ಕಡೆ ತಿರುಗಿ ನೋಡಿದ ನೋಟಕ್ಕೆ ನಾನು ಏನು ತಾನೇ ಹೇಳಲಿ! ಮಾರನೆಯ ದಿನದಿಂದ ಅದನ್ನು ಬೇರೆ ಯಾವ ಕಡೆಗೆ ತಿರುಗಿಸುವುದಕ್ಕೂ ಮಕ್ಕಳು ಬಿಡಲಿಲ್ಲ. ಸರಸ್ವತಿ ಫೋಟೋದ ಕೆಳಗೆ ನಿಲ್ಲಿಸುವುದು, ಪೂರ್ವಕ್ಕೆ ಬಿಡುವುದು, ಕೋನ ತಿದ್ದುವುದು. ವಾರ ಕಳೆಯುವಷ್ಟರಲ್ಲಿ ಅದು ವರಾಂಡದ ಪೂರ್ವದ ತುದಿಯ ಮೆಟ್ಟಿಲಿನವರೆಗೆ ಟಪಟಪ ಎಂದು ನಡೆದುಕೊಂಡು ಹೋಗಿ ನಿಲ್ಲುತ್ತಿತ್ತು. ಅಲ್ಲಿಂದ ಯಾರಾದರೊಬ್ಬರು ಅದನ್ನು ಕೂಸಿನ ಹಾಗೆ ಎತ್ತಿ ಕಂಕುಳಲ್ಲಿಟ್ಟುಕೊಂಡು ವಾಪಸ್ಸು ಫೋಟೋದ ಹತ್ತಿರ ತರುತ್ತಿದ್ದರು. ಎತ್ತಿಕೊಂಡು ಬರುವುದಕ್ಕೆ ಸಣ್ಣ ಕ್ಲಾಸಿನ ಮಕ್ಕಳಲ್ಲಿ ಜಗಳವೇ ಆಗುತ್ತಿತ್ತು.

ಊರವರು ನೋಡಲು ಬಂದರು. ಹುಡುಗಿಯ ಅಪ್ಪ ಶಿಫ್ಟು ಮುಗಿಸಿಕೊಂಡು ಹಾಗೇ ಬಂದು, ಮೋಟುಗೋಡೆಗೆ ಒರಗಿ ನಿಂತು ನೋಡಿದರು. ಪರ್ವಾಗಿಲ್ವೇ ಎಂದು ಮಗಳಿಗೆ ಅಂದರು, ಅಷ್ಟೇ. ಅವಳು ಅವತ್ತು ಮೊದಲ ಸಲ ಹಲ್ಲು ಕಾಣುವ ಹಾಗೆ ನಕ್ಕಿದ್ದನ್ನು ನೋಡಿದೆ. ಮ್ಯಾನೇಜ್‌ಮೆಂಟಿನ ಕಾರ್ಯದರ್ಶಿಗಳು ಬಂದು ಭೇಷ್ ಎಂದರು. ಹೆಡ್ ಮಾಸ್ಟರು ಗುಲಾಬಿ ಹೂವಿನ ಮಾತನ್ನೇ ಮರೆತರು. ನಾನು ಸಹ ಸಿಟ್ಟನ್ನೆಲ್ಲ ಮರೆತು ಬಸ್ಸಿನಲ್ಲಿ ನಿಂತುಕೊಂಡು ಹೋದರೂ ನಗುನಗುತ್ತ ಮನೆ ಸೇರುತ್ತಿದ್ದೆ.

ಸ್ಪರ್ಧೆ ಕ್ಯಾತ್ಸಂದ್ರದ ಹತ್ತಿರದ ಒಂದು ಕಾಲೇಜಿನ ಸಭಾಂಗಣದಲ್ಲಿ. ಮೊದಲ ಸಲ ಯಂತ್ರ ಗೇಟು ದಾಟಿತು. ಬಸ್ಸಿನಲ್ಲಿ ಅವಳು ಅದನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಕಂಡಕ್ಟರು ಮಗು ಹುಷಾರಿಲ್ವಾ ಎಂದು ಕೇಳಿದ, ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು. ಹೆಡ್ ಮಾಸ್ಟರು ಕಾರ್ಯದರ್ಶಿಗಳ ಕಾರಿನಲ್ಲಿ ಬಂದರು. ಇಬ್ಬರೂ ಮುಂದಿನ ಸಾಲಿನಲ್ಲಿ ಕೂತರು.

ಮುಖ್ಯ ಅತಿಥಿಗಳು ಬರುವುದು ತಡವಾಯಿತು. ಅವರು ಬರುವ ತನಕ ಯಾರೂ ವೇದಿಕೆ ಮುಟ್ಟಬಾರದು, ಹಾಗಾಗಿ ಒಂದು ಸಲವೂ ಅಲ್ಲಿ ನಡೆಸಿ ನೋಡಲು ಬಿಡಲಿಲ್ಲ. ಬೇಡಿಕೊಂಡೆ. ರೂಲ್ಸು ಮೇಡಂ, ಎಲ್ಲರಿಗೂ ಒಂದೇ ಎಂದರು. ಬೆಳಗ್ಗೆಯಿಂದ ಮಧ್ಯಾಹ್ನದ ತನಕ ಟವೆಲ್ಲಿನ ಗಂಟು ಬಿಚ್ಚದೆ ಕೂತಿದ್ದೆವು. ಆಮೇಲೆ ದೀಪ, ಪ್ರಾರ್ಥನೆ, ಹಾರ, ಭಾಷಣ. ನಮ್ಮ ಸರದಿ ಬಂದಾಗ ಅವಳು ನನ್ನ ಹತ್ತಿರ ಬಂದು ಪೂರ್ವ ಯಾವ ಕಡೆ ಮಿಸ್ ಎಂದು ಪಿಸುಗುಟ್ಟಿದಳು. ನಾನು ವಿಜ್ಞಾನದ ಟೀಚರು. ಮೊಬೈಲು ತೆಗೆದು ದಿಕ್ಸೂಚಿ ನೋಡಿ ತೋರಿಸಿದೆ.

ನುಣ್ಣನೆಯ ಗ್ರಾನೈಟ್ ವೇದಿಕೆ. ಅವಳು ಪೂರ್ವಕ್ಕೆ ನಿಲ್ಲಿಸಿ ಬಟನ್ ಒತ್ತಿದಳು. ಅದು ಬಲಗಾಲು ಎತ್ತಿತು, ಹಿಂದಕ್ಕೆ ವಾಲಿತು, ಅಂಗಾತ ಬಿತ್ತು. ಮೂರು ಅವಕಾಶ ಇತ್ತು. ಮೂರು ಸಲವೂ ಹಾಗೇ, ಒಂದೇ ರೀತಿ, ಹಿಂದಕ್ಕೆ. ಕೊನೆಯ ಸಲ ಬಿದ್ದ ಮೇಲೆ ಕಾಲು ಎರಡೂ ಮೇಲಕ್ಕೆ ಎತ್ತಿಕೊಂಡು ಗಾಳಿಯಲ್ಲಿ ನಡೆಯುತ್ತಿತ್ತು. ಸಭೆಯಲ್ಲಿ ನಗು ಎದ್ದಿತು. ಅವಳು ಸ್ವಿಚ್ಚು ಆರಿಸಿ, ಎತ್ತಿಕೊಂಡು, ತೀರ್ಪುಗಾರರಿಗೆ ಕೈ ಮುಗಿದು ಇಳಿದು ಬಂದಳು. ತೀರ್ಪುಗಾರರು ಒಳ್ಳೆಯ ಪ್ರಯತ್ನ ಎಂದು ಮೈಕಿನಲ್ಲಿ ಹೇಳಿದರು. ನಮ್ಮ ವರಾಂಡಕ್ಕೆ ಬಂದು ನೋಡಿ ಸ್ವಾಮಿ ಎಂದು ಕೂಗಬೇಕೆನಿಸಿತು.

ಗೆದ್ದದ್ದು ಕುಣಿಗಲ್ಲಿನ ಒಂದು ಶಾಲೆಯ ಗಾಲಿ ಬಂಡಿ. ಹೊರಗೆ ಬಂದಾಗ ಹೆಡ್ ಮಾಸ್ಟರ ಮುಖ ಕಪ್ಪಿಟ್ಟಿತ್ತು. ಕಾರ್ಯದರ್ಶಿಗಳ ಪಕ್ಕದಲ್ಲಿ ಕೂತು ಅವರೂ ಅನುಭವಿಸಿದ್ದರು, ಪಾಪ. ಎಲ್ಲರ ಮುಂದೆ ಅಂಗಾತ ಮಲಗಿಬಿಡ್ತಲ್ಲ ಮೇಡಂ ಎಂದರು. ಸೋಮವಾರ ಬಿಚ್ಚಿ ಹುಡುಗರಿಗೆ ಕೊಟ್ಟುಬಿಡಿ ಎಂದರು. ಅವಳು ಅಲ್ಲೇ ಇದ್ದಳು, ಕೇಳಿಸಿಕೊಂಡಳು.

ಭಾನುವಾರ ಪೂರ್ತಿ ನಾನು ಮನೆಯಲ್ಲಿ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ನನ್ನ ಯಜಮಾನರು, ಹೋಗ್ಲಿ ಬಿಡೇ, ನಿಮ್ಮೂರೋರೇ ಗೆದ್ರಲ್ಲ ಎಂದು ರೇಗಿಸಲು ನೋಡಿ ಬೈಸಿಕೊಂಡರು. ಬ್ಯಾಟರಿ ಇಳಿದಿತ್ತಾ, ಇಲ್ಲ. ಬಸ್ಸಿನಲ್ಲಿ ಸ್ಕ್ರೂ ಸಡಿಲವಾಯಿತಾ, ನಾನೇ ಮುಟ್ಟಿ ನೋಡಿದ್ದೆ, ಇಲ್ಲ. ಗ್ರಾನೈಟ್ ಜಾರಿತಾ, ಚಪ್ಪಲಿಯ ಪಾದ ಜಾರಿರಲಿಲ್ಲ, ಕಣ್ಣಾರೆ ನೋಡಿದ್ದೆ. ಸೋಮವಾರ ಸ್ಟಾಫ್ ರೂಮಿನಲ್ಲಿ ಕೇಳಿದರೆ ದೃಷ್ಟಿ ಆಯಿತು ಎಂದರು. ಊರಿನವರನ್ನೆಲ್ಲ ಕರೆದು ತೋರಿಸಬಾರದಿತ್ತಂತೆ. ಒಂದು ನಿಂಬೆಹಣ್ಣು ಇಳಿ ತೆಗೆದಿದ್ದರೆ ಸಾಕಿತ್ತಂತೆ. ಟೀ ಲೋಟ ಅಲ್ಲೇ ಕುಕ್ಕಿ ಹೊರಗೆ ಬಂದೆ.

ವರಾಂಡದಲ್ಲಿ ಹುಡುಗರು ಬಂಡಿ ಇಟ್ಟುಕೊಂಡು, ಸ್ಕ್ರೂ ಡ್ರೈವರ್ ಹಿಡಿದುಕೊಂಡು ಸಿದ್ಧವಾಗಿದ್ದರು. ಅವರದು ತಪ್ಪಲ್ಲ, ಅವರೂ ತಿಂಗಳುಗಟ್ಟಲೆ ಕಾದವರು. ಅವಳು ಯಂತ್ರ ಹಿಡಿದು ನಿಂತಿದ್ದಳು. ಒಂದೇ ಒಂದು ಸಲ ಬಿಡ್ತೀನಿ ಮಿಸ್ ಎಂದಳು. ಫೋಟೋದ ಕೆಳಗೆ ಇಟ್ಟು ಬಿಟ್ಟಳು. ಏನೂ ಆಗದ ಹಾಗೆ ಟಪಟಪ ನಡೆದುಕೊಂಡು ಹೋಗಿ ಮೆಟ್ಟಿಲ ಹತ್ತಿರ ನಿಂತಿತು. ಹುಡುಗರು ಹೋ ಎಂದರು. ಸದ್ದು ಕೇಳಿ ಹೊರಗೆ ಬಂದ ಹೆಡ್ ಮಾಸ್ಟರು ಅದನ್ನು ನೋಡಿ ಇನ್ನಷ್ಟು ನೊಂದುಕೊಂಡರು. ಇಲ್ಲಿ ನಡೀತದೆ, ಅಲ್ಲಿ ನಡೆಯಲ್ಲ, ಯಾರಿಗೆ ತೋರಿಸೋಣ ಇದನ್ನ ಎಂದು ಹೇಳಿ ಒಳಗೆ ಹೋದರು.

ಸ್ಕ್ರೂ ಡ್ರೈವರಿನ ಡಬ್ಬ ಫೋಟೋದ ಹತ್ತಿರವೇ ಇತ್ತು. ಅವಳು ಎಂದಿನ ಹಾಗೆ ಯಂತ್ರವನ್ನು ಎತ್ತಿ ತರಲಿಲ್ಲ. ಬೇಸರವೋ ಏನೋ, ಮೆಟ್ಟಿಲ ಹತ್ತಿರವೇ ಅದರ ಮುಖ ನಮ್ಮ ಕಡೆ ತಿರುಗಿಸಿ ಬಟನ್ ಒತ್ತಿದಳು. ಬಲಗಾಲು ಎತ್ತಿತು, ಹಿಂದಕ್ಕೆ ವಾಲಿತು, ಅಂಗಾತ ಬಿತ್ತು. ತುಮಕೂರಿನಲ್ಲಿ ಬಿದ್ದ ಹಾಗೆಯೇ.

ಅವಳು ಅದನ್ನೇ ನೋಡುತ್ತ ನಿಂತಳು. ಎತ್ತಿ ವರಾಂಡದ ಮಧ್ಯಕ್ಕೆ ತಂದು ಪಶ್ಚಿಮಕ್ಕೆ ಬಿಟ್ಟಳು, ಬಿತ್ತು. ಪೂರ್ವಕ್ಕೆ ತಿರುಗಿಸಿದಳು, ನಡೆಯಿತು. ಹುಡುಗರಲ್ಲೊಬ್ಬ, ನೋಡಿದ್ಯಾ, ಪೂರ್ವಕ್ಕೆ ಮಾತ್ರ ನಡೀತದೆ, ದೇವರ ಮಹಿಮೆ ಎಂದ. ಅವಳು ಅವನ ಮಾತನ್ನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ನೆಲಕ್ಕೆ ಕೆನ್ನೆ ತಾಗಿಸಿ ಮಲಗಿ ಉದ್ದಕ್ಕೂ ನೋಡಿದಳು. ಎದ್ದು ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಫೋಟೋದ ಕೆಳಗೆ ಸುರಿದಳು. ನೀರು ಒಂದು ಕ್ಷಣ ನಿಂತು, ಆಮೇಲೆ ನಮ್ಮ ಕಾಲುಗಳ ನಡುವೆ ದಾರಿ ಮಾಡಿಕೊಂಡು ನೆಟ್ಟಗೆ ಪೂರ್ವಕ್ಕೆ ಹರಿದು ಹೋಗಿ ಮೆಟ್ಟಿಲು ಇಳಿಯಿತು.

"ವಾಟ ಮಿಸ್," ಅಂದಳು.

ವಾಟ ಎಂದರೆ ನೀರು ಹೋಗಲಿ ಎಂದು ನೆಲಕ್ಕೆ ಕೊಡುವ ಇಳಿಜಾರು. ಮನೆ ಕಟ್ಟಿಸಿದವರಿಗೆಲ್ಲ ಗೊತ್ತು. ನಮ್ಮ ವರಾಂಡಕ್ಕೆ ಪಕ್ಕದಲ್ಲಿ ಮೋಟುಗೋಡೆ ಇದೆ, ತೊಳೆದ ನೀರು ಆಚೆ ಹೋಗಬೇಕಾದರೆ ಪೂರ್ವದ ತುದಿಯ ಮೆಟ್ಟಿಲಿಗೇ ಹೋಗಬೇಕು. ಅದಕ್ಕೆ ಕಟ್ಟಿದವರು ಪೂರ್ವಕ್ಕೆ ಧಾರಾಳವಾಗಿ ವಾಟ ಕೊಟ್ಟಿದ್ದಾರೆ. ಯಂತ್ರ ಇಳಿಜಾರಿನಲ್ಲಿ ಮುಂದಕ್ಕೆ ಬಾಗುತ್ತದೆ. ಬಾಗಿ ಬೀಳದಿರಲಿ ಎಂದು ನಾವು ಆ ವಾರವೆಲ್ಲ ಕೂತು ಅದರ ಹಿಮ್ಮಡಿಯನ್ನು ಹಿಂದಕ್ಕೆ ಹಿಂದಕ್ಕೆ ತಿದ್ದಿದ್ದೆವು. ಸಮತಟ್ಟು ನೆಲದಲ್ಲಿ ಅದು ಹಿಂದಕ್ಕೆ ಬೀಳದೆ ಇನ್ನೇನು ಮಾಡೀತು! ಆ ವರಾಂಡಕ್ಕೆ ಬಾಗಿಲಿರುವ ಕ್ಲಾಸ್ ರೂಮಿನಲ್ಲೇ ನಾನು ವರ್ಷಾ ವರ್ಷಾ ಬೋರ್ಡಿನ ಮೇಲೆ ತ್ರಿಕೋನ ಬರೆದು ಇಳಿಜಾರಿನ ಪಾಠ ಮಾಡುತ್ತೇನೆ.

ಯಾರ ಮೇಲೆ ರೇಗುವುದು? ಪೂರ್ವ ಎಂದ ಹೆಡ್ ಮಾಸ್ಟರ ಮೇಲೋ? ಅವರು ಹೇಳಿದ ಮೇಲೆ ನಡೆದದ್ದು ನಿಜ. ಕಟ್ಟಿದ ಗಾರೆ ಕೆಲಸದವರ ಮೇಲೋ? ನೀರು ನಿಲ್ಲದ ಹಾಗೆ ಮಾಡಿದ್ದಾರೆ, ಅವರ ಕೆಲಸ ಸರಿಯಾಗಿದೆ. ಒಂದು ಸಲ, ಒಂದೇ ಒಂದು ಸಲ, ಯಾವುದಾದರೊಂದು ಮಗು ಅದನ್ನು ಎತ್ತಿಕೊಂಡು ಬರುವುದಕ್ಕೆ ಸೋಮಾರಿತನ ಮಾಡಿ ಹಾಗೇ ತಿರುಗಿಸಿ ಬಿಟ್ಟಿದ್ದರೆ ಡಿಸೆಂಬರಿನಲ್ಲೇ ಗೊತ್ತಾಗುತ್ತಿತ್ತು. ಎಲ್ಲರಿಗೂ ಅದರ ಮೇಲೆ ಅಷ್ಟು ಮುದ್ದು. ನನಗೆ ಅಳು ಬರುವ ಹಾಗಾಯಿತು, ಅಳುವ ಬದಲು ಅವಳ ಕೈ ಹಿಡಿದುಕೊಂಡು ಹೆಡ್ ಮಾಸ್ಟರ ರೂಮಿಗೆ ನುಗ್ಗಿದೆ.

ಒಂದೇ ಉಸಿರಿಗೆ ಎಲ್ಲ ಹೇಳಿದೆ. ಯಂತ್ರ ಕೆಟ್ಟಿಲ್ಲ ಸಾರ್, ನಮ್ಮ ನೆಲದ ಲೆಕ್ಕ ತಪ್ಪಿದೆ, ಸಮತಟ್ಟು ನೆಲಕ್ಕೆ ತಿದ್ದಿಕೊಂಡರೆ ಎಲ್ಲಿ ಬೇಕಾದರೂ ನಡೆಯುತ್ತದೆ ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು, ಅದನ್ನು ಒಪ್ಪಬೇಕು. ಸ್ವಲ್ಪ ಹೊತ್ತು ಮೇಜಿನ ಮೇಲಿನ ಪೇಪರ್ ವೇಟ್ ತಿರುಗಿಸುತ್ತ ಕೂತರು. ಅವರು ಮೆತ್ತಗಾಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ಫೆಬ್ರವರಿ ಕೊನೆಯಲ್ಲಿ ವಿಜ್ಞಾನ ದಿನ ಇತ್ತು, ಕಾರ್ಯದರ್ಶಿಗಳು ಮತ್ತೆ ಬರುವವರಿದ್ದರು.

"ಎಷ್ಟು ದಿನ ಬೇಕು?" ಎಂದು ಕೇಳಿದರು. ನನ್ನನ್ನಲ್ಲ, ಅವಳನ್ನು.

ಹದಿನೈದು ದಿನ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳು ಬಾಯಿ ಬಿಟ್ಟಳು.

"ಗೊತ್ತಿಲ್ಲ ಸಾರ್. ಇದುವರ್ಗೂ ಅದು ನಡ್ದೇ ಇಲ್ಲ. ಇಳಿಜಾರಲ್ಲಿ ಇಳ್ಕೊಂಡ್ ಹೋಗಿದೆ ಅಷ್ಟೇ. ಮೊದಲ್ನಿಂದ ಮಾಡ್ಬೇಕು."

ಹೆಡ್ ಮಾಸ್ಟರು ಪೇಪರ್ ವೇಟ್ ನಿಲ್ಲಿಸಿದರು. ಅವಳ ಮುಖವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದರು. ಅವರ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಹಂಗಾದ್ರೆ ಬಿಚ್ಚಮ್ಮ, ಅವರಾದ್ರೂ ಮಾಡ್ಕೊಳ್ಳಿ ಎಂದರು. ನಾನು ಇನ್ನೊಂದು ತಿಂಗಳು ಕೊಡಿ ಎಂದೆ, ನಿಮ್ಮ ರೂಮಿನ ಟೈಲ್ಸ್ ನೆಲ ಸಮ ಇದೆ, ಸಂಜೆ ಅರ್ಧ ಗಂಟೆ ಬಿಡಿ ಎಂದೆ, ಕೊನೆಗೆ ದನಿ ಏರಿಸಿ ಏನೇನೋ ಅಂದೆ. ಅವರು ಯಾವುದಕ್ಕೂ ಸೊಪ್ಪು ಹಾಕಲಿಲ್ಲ. ಮಗುವೇ ಗೊತ್ತಿಲ್ಲ ಅಂತ ಹೇಳ್ತಾ ಇದೆಯಲ್ಲ ಮೇಡಂ, ನಾನು ಯಾರನ್ನ ನಂಬಲಿ ಎಂದರು.

ಹೊರಗೆ ಬಂದು ನನ್ನ ಸಿಟ್ಟೆಲ್ಲ ಅವಳ ಮೇಲೆ ತಿರುಗಿತು. ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡಿರೋದಕ್ಕೆ ಏನಾಗಿತ್ತೇ ನಿನಗೆ ಎಂದೆ. ಹದಿನೈದು ದಿನ ಅಂದಿದ್ದರೆ ಕೊಡುತ್ತಿದ್ದರು, ಅವರು ಕೊಡುವ ಮನಸ್ಸಲ್ಲೇ ಇದ್ದರು, ನೀನೇ ಕೈಯಾರೆ ಕೆಡಿಸಿಕೊಂಡೆ ಎಂದೆ. ಅವಳು ತಲೆ ತಗ್ಗಿಸಿಕೊಂಡು ಎಲ್ಲ ಕೇಳಿದಳು.

"ಹದ್ನೈದ್ ದಿನ ಆದ್ಮೇಲೂ ಬಿದ್ರೆ?" ಅಂದಳು. "ಆಗ ನಿಮ್ಮುನ್ನ ಬೈತಿದ್ರು ಮಿಸ್."

ಆಮೇಲೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ತಾನೇ ಬಿಚ್ಚತೊಡಗಿದಳು. ಹುಡುಗರು ಸಹಾಯಕ್ಕೆ ಕೈ ಚಾಚಿದರೆ ಬೇಡ ಎಂದಳು, ಅವಸರ ಮಾಡಿದರೆ ವೈರು ಕಿತ್ತು ಬರುತ್ತದೆ ಎಂದಳು. ಹಿಮ್ಮಡಿಯ ಮೋಟಾರು, ಮಂಡಿಯದು, ಸೊಂಟದ್ದು. ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ ಅವರ ಕೈಗಿಟ್ಟಳು. ಯಾವ ಮೋಟಾರು ಜಾಸ್ತಿ ಬಿಸಿಯಾಗುತ್ತದೆ, ಯಾವುದನ್ನು ಬಂಡಿಯ ಕೈಯ ಬುಡಕ್ಕೆ ಹಾಕಬಾರದು ಎಂದು ಹೇಳಿಕೊಟ್ಟಳು. ಅವರು ಮೋಟಾರುಗಳನ್ನು ಎತ್ತಿಕೊಂಡು ಹೋದ ಮೇಲೆ ಪ್ಲೈವುಡ್ಡಿನ ಎರಡು ಕಾಲು ಮಾತ್ರ ಉಳಿದವು. ಅವನ್ನು ಬ್ಯಾಗಿನಲ್ಲಿ ಪುಸ್ತಕಗಳ ಪಕ್ಕಕ್ಕೆ ತೂರಿಸಿದಳು.

ನನಗೆ ನೋಡಲಾಗಲಿಲ್ಲ. ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈಯಿಟ್ಟೆ. ಬೈದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ ಎಂದೆ. ಇನ್ನೊಂದು ಪೆಟ್ಟಿಗೆ ತರಿಸೋಣ, ನಾನೇ ಓಡಾಡುತ್ತೇನೆ, ಯಾರ ಕಾಲಾದರೂ ಹಿಡಿಯುತ್ತೇನೆ ಎಂದೆ. ಸಮತಟ್ಟು ನೆಲ ಹುಡುಕೋಣ, ಮೊದಲಿನಿಂದ ಮಾಡೋಣ, ಮುಂದಿನ ವರ್ಷ ಇದನ್ನು ನಡೆಸಿಯೇ ನಡೆಸುತ್ತೀ ನೀನು, ನೋಡುತ್ತಿರು ಎಂದೆ. ಹೇಳುತ್ತ ಹೇಳುತ್ತ ನನಗೇ ನಂಬಿಕೆ ಬಂದುಬಿಟ್ಟಿತ್ತು.

ಅವಳು ಬ್ಯಾಗಿನ ಜಿಪ್ಪು ಎಳೆದು ನನ್ನ ಮುಖ ನೋಡಿದಳು.

"ಮುಂದಿನ್ ವರ್ಷ ನಾನು ಎಸ್ಸೆಸ್ಸೆಲ್ಸಿ ಅಲ್ವಾ ಮಿಸ್," ಅಂದಳು. ನನಗೆ ಎಲ್ಲಿ ನೋವಾಗುತ್ತದೋ ಎಂಬಂತೆ ಮೆಲ್ಲಗೆ ಹೇಳಿ, ಬ್ಯಾಗು ಹೆಗಲಿಗೇರಿಸಿಕೊಂಡು ಕ್ಲಾಸಿಗೆ ಹೋದಳು.